ಟ್ರ್ಯಾಮ್ ಹಾದುಹೋಗುವ ಒಂಬತ್ತು ಸೆಕೆಂಡು

ಫೆಬ್ರವರಿ ೯, ೨೦೨೬, ಸೋಮವಾರ. ಹ್ಯಾರಿಸ್ ಪಾರ್ಕ್, ಸಿಡ್ನಿ

ಅತಿ ಉದ್ದ: ಎಂಟು ಸೆಕೆಂಡು. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ.

ಈ ಪುಸ್ತಕ ಆಸ್ಪತ್ರೆಯವರು ಕೊಟ್ಟದ್ದು. ಹಾಲು ಕುಡಿಸಿದ ಹೊತ್ತು, ಒದ್ದೆಯಾದ ನ್ಯಾಪಿಯ ಲೆಕ್ಕ ಬರೆದಿಡಲು ಗೆರೆ ಹಾಕಿದ ಪುಟಗಳು. ನಾನು ಇದರಲ್ಲಿ ಇಂಚರಳ ಉಸಿರು ಬರೆಯುತ್ತೇನೆ. ಅವಳಿಗೆ ಇವತ್ತಿಗೆ ಹನ್ನೊಂದು ವಾರ. ಮೂರನೇ ವಾರದ ಒಂದು ಮಧ್ಯಾಹ್ನ ನಿದ್ದೆಯಲ್ಲೇ ಉಸಿರು ನಿಂತಿತು. ನಾನು ಕಿರುಚಿದೆ, ನನ್ನ ಗಂಡ ಅಭಿನಂದನ್ ಆಂಬುಲೆನ್ಸ್ ಕರೆಸಿದ. ಅವರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮಗಳು ಕೆಂಪಗೆ ಅಳುತ್ತಿದ್ದಳು. ಎರಡು ದಿನ ಎದೆಗೆ ತಂತಿ ಅಂಟಿಸಿ ನೋಡಿದರು. ಎಳೆಗೂಸುಗಳ ಉಸಿರಾಟವೇ ಹೀಗೆ ಎಂದರು: ನಾಲ್ಕೈದು ಸಲ ಬೇಗ ಬೇಗ, ಆಮೇಲೆ ಐದರಿಂದ ಹತ್ತು ಸೆಕೆಂಡು ಏನೂ ಇಲ್ಲ, ಮತ್ತೆ ಶುರು. ಆರು ತಿಂಗಳೊಳಗೆ ತಾನೇ ಸರಿಹೋಗುತ್ತದೆ. ಇಪ್ಪತ್ತು ಸೆಕೆಂಡು ದಾಟಿದರೆ, ಇಲ್ಲವೇ ಮೈಬಣ್ಣ ಬದಲಾದರೆ ಮಾತ್ರ ಕರೆಯಿರಿ.

ಇಪ್ಪತ್ತು ದಾಟಿತೋ ಇಲ್ಲವೋ ತಿಳಿಯಬೇಕಾದರೆ ಯಾರಾದರೂ ಎಣಿಸುತ್ತಿರಬೇಕಲ್ಲ. ಹಾಗಾಗಿ ಎಣಿಸುತ್ತೇನೆ. ಅವಳ ಕೋಣೆಯ ಬಾಗಿಲು ಮುಚ್ಚಲು ಬಿಡುವುದಿಲ್ಲ. ಗಾಳಿಗೆ ತಾನೇ ಮುಚ್ಚಿಕೊಳ್ಳಬಾರದೆಂದು ಹಿಡಿಕೆಗೆ ನನ್ನ ಹಳೆಯ ಹಸಿರು ದುಪಟ್ಟಾ ಬಿಗಿದು ಗೋಡೆಯ ಮೊಳೆಗೆ ಕಟ್ಟಿದ್ದೇನೆ.

ಮಧ್ಯಾಹ್ನ ಪಂಚಾಕ್ಷರಯ್ಯ ಅಂಕಲ್ ಫೋನ್ ಮಾಡಿದ್ದರು. ಇಲ್ಲಿನ ಸಮುದಾಯ ರೇಡಿಯೊದಲ್ಲಿ ಭಾನುವಾರದ ಕನ್ನಡ ಗಂಟೆಯನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿರುವವರು. ಬಸುರಿಯಾಗುವ ಮೊದಲು ಅವರ ಕಾರ್ಯಕ್ರಮಗಳನ್ನೆಲ್ಲ ನಾನೇ ಎಡಿಟ್ ಮಾಡುತ್ತಿದ್ದೆ.

"ಒಂದು ಕೆಲಸ ಹೇಳ್ತೀನಿ, ಬೈಬೇಡಮ್ಮ. ಮೆಲ್ಬರ್ನ್‌ನ ಒಂದು ಹಳೇ ರಾಕ್ ಹಾಡಿಗೆ ಅರವತ್ತು ವರ್ಷ ಆಯ್ತಂತೆ. ಸ್ಟೇಷನ್ನೋರು ಒಂದೊಂದು ಭಾಷೆಯವರೂ ಅದರ ಮೇಲೆ ಇಪ್ಪತ್ತು ನಿಮಿಷ ಮಾಡ್ಬೇಕು ಅಂದಿದಾರೆ. ತಮಿಳಿನೋರು ಆಗಲೇ ಶುರು ಮಾಡ್ಬಿಟ್ರು!"

"ಅಂಕಲ್, ನಾನು ತಲೆ ಬಾಚಿ ನಾಲ್ಕು ದಿನ ಆಯ್ತು."

"ರೇಡಿಯೊಗೆ ತಲೆ ಬಾಚೋದು ಯಾಕಮ್ಮ? ಏಪ್ರಿಲ್ ಐದಕ್ಕೆ ಕೊಡು, ಸಾಕು."

ಆಗಲಿ ಎಂದುಬಿಟ್ಟೆ. ಇಲ್ಲ ಎನ್ನಲು ಬೇಕಾದಷ್ಟು ಮಾತು ಒಟ್ಟುಗೂಡಲಿಲ್ಲ.


ಫೆಬ್ರವರಿ ೧೨, ಗುರುವಾರ

ಅತಿ ಉದ್ದ: ಒಂಬತ್ತು. ಮಧ್ಯಾಹ್ನ ಮೂರಕ್ಕೆ.

ಹಾಡು ಕೇಳಿದೆ. 'ಮಿಸೆಸ್ ಹ್ಯಾಲೊವೇಸ್ ಗೇಟ್' ಅಂತ ಹೆಸರು. ಹಾಡಿದವರು 'ದಿ ಮಿಲ್ಕ್‌ಕಾರ್ಟ್ಸ್', ೧೯೬೬ರಲ್ಲಿ. ಹಾಲಿನ ಗಾಡಿಯವನೊಬ್ಬ ಬೆಳಗಿನ ಜಾವ ಒಬ್ಬ ವಿಧವೆಯ ಗೇಟಿನ ಮುಂದೆ ಬಂದು ನಿಲ್ಲುತ್ತಾನೆ. ಅಷ್ಟೇ ಕಥೆ. ಗಿಟಾರು ಮಳೆ ನೀರು ತಗಡಿನ ಮೇಲೆ ಓಡಿದಂತೆ ಓಡುತ್ತದೆ, ಡ್ರಮ್ಮು ಹಿಂದೆ ಹಿಂದೆ. ಮಧ್ಯದಲ್ಲಿ, ಇನ್ನೇನು ಗೇಟು ತೆರೆಯುತ್ತದೆ ಎನ್ನುವಾಗ, ಎಲ್ಲವೂ ನಿಂತುಬಿಡುತ್ತದೆ.

ನನ್ನ ಕೈ ತಾನಾಗಿ ತೊಟ್ಟಿಲ ಕಡೆ ಹೋಯಿತು.

ಎಣಿಸಿದೆ. ಒಂಬತ್ತು ಸೆಕೆಂಡು. ಆಮೇಲೆ ಎಲ್ಲರೂ ಒಂದೇ ಏಟಿಗೆ ಮತ್ತೆ ಹಾಡಿನೊಳಗೆ ಬಿದ್ದರು. ಇಂಚರ ಮಾತ್ರ ಮಲಗಿಯೇ ಇದ್ದಳು. ಇಂಥ ಹಾಡನ್ನು ಜನ ಖುಷಿಗೆ ಕೇಳುತ್ತಾರೆ!

ಅದು ಯಾಕೆ ನಿಂತಿತು ಎನ್ನುವುದರ ಮೇಲೆ ಅರವತ್ತು ವರ್ಷದಿಂದ ವಾದ ನಡೆದಿದೆಯಂತೆ. ಡ್ರಮ್ ಬಾರಿಸುವವನ ಕೋಲು ಜಾರಿತು ಎಂದು ಒಬ್ಬರು, ಫ್ಯೂಸ್ ಹೋಯಿತು ಎಂದು ಇನ್ನೊಬ್ಬರು. ಹಾಡುವವನು ಡೆನ್ನಿ, ಅವನಿಗೆ ಕಿಟಕಿಯಲ್ಲಿ ಸತ್ತ ತಾಯಿ ಕಂಡಳು ಎಂದೂ ಒಬ್ಬ ಬರೆದಿದ್ದಾನೆ. ಒಂದು ವಿಮೆ ಕಂಪನಿ ಇದನ್ನು ಫೋನಿನಲ್ಲಿ ಕಾಯಿಸುವಾಗ ಹಾಕುತ್ತಿತ್ತಂತೆ. ಆ ಒಂಬತ್ತು ಸೆಕೆಂಡಿನಲ್ಲಿ ಲೈನು ಕಟ್ಟಾಯಿತೆಂದು ಎಲ್ಲರೂ ಫೋನ್ ಇಟ್ಟುಬಿಡುತ್ತಿದ್ದರಂತೆ.

ಪಂಚಾಕ್ಷರಯ್ಯ ಅಂಕಲ್‌ಗೂ ಅದೇ ಭಯ. "ಹತ್ತು ಸೆಕೆಂಡ್ ಸದ್ದಿಲ್ಲ ಅಂದ್ರೆ ನಮ್ ಸ್ಟೇಷನ್ ಕಂಪ್ಯೂಟರ್ ತಾನೇ ಬೇರೆ ಹಾಡು ಹಾಕ್ಬಿಡತ್ತೆ. ಒಂದ್ಸಲ ನಾನು ಕನ್ನಡಕ ಹುಡುಕ್ತಾ ಇದ್ದೆ. ಬಸವ ಜಯಂತಿ ಭಾಷಣದ ಮಧ್ಯ ಕುದುರೆ ಸವಾರರ ಹಾಡು ಬಂತು."

ಒಂಬತ್ತು ಸೆಕೆಂಡಿಗೆ ಏನೂ ಆಗುವುದಿಲ್ಲ ಎಂದೆ. ಹೇಳಿದ್ದು ನಾನೇ. ನಾನೇ ಅದನ್ನು ಕೇಳಿಸಿಕೊಳ್ಳಲಿಲ್ಲ.


ಫೆಬ್ರವರಿ ೧೭, ಮಂಗಳವಾರ

ಅತಿ ಉದ್ದ: ಗೊತ್ತಿಲ್ಲ.

ಇದನ್ನು ಬರೆಯಲೇಬೇಕು. ಬೆಳಿಗ್ಗೆ ಅವಲಕ್ಕಿಗೆ ಒಗ್ಗರಣೆ ಇಟ್ಟಿದ್ದೆ, ಎಡತೋಳಿನಲ್ಲಿ ಪಾಪು. ಕಿಟಕಿಯಾಚೆ ರೈಲು ಹೋಯಿತು. ಹಳಿಯ ಪಕ್ಕದ ನೀಲಗಿರಿ ಮರ ಅಲುಗಿ, ಬಿಸಿಲು ಗೋಡೆಯ ಮೇಲೆ ಮೀನಿನ ಹಾಗೆ ಈಜಿತು. ಆಮೇಲೆ ಸಾಸಿವೆ ಸೀದ ವಾಸನೆ, ಹೊಗೆಯ ಅಲಾರಾಂ. ನಾನು ನಿಂತೇ ನಿದ್ದೆ ಹೋಗಿದ್ದೆ. ಇಂಚರಳ ತಲೆ ತೋಳಿನಿಂದ ಜಾರಿ ಒಲೆಯ ಕಟ್ಟೆಯ ಅಂಚಿಗೆ ಬಂದಿತ್ತು. ಬಾಣಲೆಗೂ ಅವಳಿಗೂ ಒಂದು ಗೇಣು.

ಶಿಶು ಆರೋಗ್ಯ ಕೇಂದ್ರದ ನರ್ಸ್‌ಗೆ ಅಭಿಯೇ ಫೋನ್ ಮಾಡಿ ಹೇಳಿಬಿಟ್ಟ. ಆಕೆ ಮಧ್ಯಾಹ್ನ ಮನೆಗೇ ಬಂದರು. ಬೈಯಲಿಲ್ಲ. ಒಟ್ಟಿಗೆ ಎಷ್ಟು ಹೊತ್ತು ಮಲಗುತ್ತೀಯ ಎಂದು ಕೇಳಿದರು. ನಲವತ್ತು ನಿಮಿಷ ಎಂದೆ. ಅಭಿ ನೆಲ ನೋಡಿದ.

ಏಪ್ರಿಲ್ ಏಳಕ್ಕೆ ಒಂದು ಜಾಗ ಕಾದಿರಿಸಿದ್ದಾರೆ. ತಾಯಿ ಮಗು ಇಬ್ಬರನ್ನೂ ಐದು ದಿನ ಇಟ್ಟುಕೊಳ್ಳುವ ಕಡೆ. ಅಲ್ಲಿ ಮಗು ಬೇರೆ ಕೋಣೆಯಲ್ಲಿ ಮಲಗುತ್ತದೆ, ಅವರ ನರ್ಸುಗಳು ನೋಡಿಕೊಳ್ಳುತ್ತಾರೆ. ಅಷ್ಟರೊಳಗೆ ನಾನು ಒಂದೇ ಒಂದು ಸಲ ಒಟ್ಟಿಗೆ ನಾಲ್ಕು ಗಂಟೆ ನಿದ್ದೆ ಮಾಡಿದರೆ ಬೇಡ ಎನ್ನಬಹುದಂತೆ.

"ಐದು ದಿನ ಕಣೇ. ಅವರು ದಿನಾ ನೂರು ಮಕ್ಳನ್ನ ನೋಡ್ತಾರೆ" ಎಂದ ಅಭಿ.

"ಅದಕ್ಕೇ. ನೂರು ಮಕ್ಕಳಲ್ಲಿ ಇವಳ ಉಸಿರು ಯಾರು ಎಣಿಸ್ತಾರೆ?"

"ನಾನು ಎಣಿಸ್ತೀನಿ ಅಂದ್ರೂ ಬಿಡಲ್ವಲ್ಲ ನೀನು."

ಬಿಟ್ಟಿದ್ದೆ, ಹೋದ ತಿಂಗಳು. ಹತ್ತು ನಿಮಿಷಕ್ಕೆ ಅವನು ಗೊರಕೆ ಹೊಡೆಯುತ್ತಿದ್ದ.


ಫೆಬ್ರವರಿ ೨೫, ಬುಧವಾರ

ಅತಿ ಉದ್ದ: ಎಂಟು. ಎಂಟು. ಏಳು. ಎಂಟು.

ಸೆಖೆ. ಕೆಳಗೆ ಮಿಠಾಯಿ ಅಂಗಡಿಯವರು ಜಿಲೇಬಿ ಕರಿಯುತ್ತಿದ್ದಾರೆ. ನಿದ್ದೆ ಬರುವ ಮುಂಚಿನ ಮೆಟ್ಟಿಲಲ್ಲೇ ದಿನವಿಡೀ ಕುಳಿತಂತಿದೆ.


ಮಾರ್ಚ್ ೩, ಮಂಗಳವಾರ

ಅತಿ ಉದ್ದ: ಒಂಬತ್ತು.

ಹಾಡು ಧ್ವನಿಮುದ್ರಣವಾದ ದಿನ ಆ ಕೋಣೆಯಲ್ಲಿದ್ದವರಲ್ಲಿ ಒಬ್ಬರು ಮಾತ್ರ ಉಳಿದಿದ್ದಾರೆ. ಹಾಡಿದವರಲ್ಲ. ಟೇಪ್ ಮೆಷಿನ್ ನೋಡಿಕೊಳ್ಳುತ್ತಿದ್ದ ಹುಡುಗಿ. ಈಗ ಎಂಬತ್ತು ವರ್ಷ, ಹೆಸರು ಜೋನ್. ಸ್ಟೇಷನ್‌ನವರು ನಂಬರ್ ಕೊಟ್ಟರು. ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲವಂತೆ. "ಬಂದರೆ ಬಾ, ಬಿಸ್ಕತ್ತು ಇರುತ್ತದೆ" ಎಂದು ಇಂಗ್ಲಿಷಿನಲ್ಲಿ ಕೂಗಿ ಇಟ್ಟುಬಿಟ್ಟರು.

ಹೋಗುವುದಿಲ್ಲ ಎಂದೆ. ಅಭಿ ಆಗಲೇ ಟಿಕೆಟ್ ಬುಕ್ ಮಾಡಿದ್ದ. ಅವನ ಅಕ್ಕ ತೃಷಾ ಮೆಲ್ಬರ್ನ್‌ನ ಟ್ರುಗನಿನಾದಲ್ಲಿದ್ದಾಳೆ. ಅಲ್ಲಿ ಉಳಿಯುವುದು.

ವಿಮಾನದ ಸದ್ದಿನಲ್ಲಿ ಉಸಿರು ಕೇಳಿಸುವುದು ಹೇಗೆ?


ಮಾರ್ಚ್ ೧೪, ಶನಿವಾರ. ಟ್ರುಗನಿನಾ, ಮೆಲ್ಬರ್ನ್

ಅತಿ ಉದ್ದ: ಆರು. ವಿಮಾನದಲ್ಲಿ ಅಂಗೈ ಎದೆಯ ಮೇಲಿಟ್ಟು ಎಣಿಸಿದ್ದು. ಕೈ ಎರಡು ಗಂಟೆ ಅಲ್ಲೇ ಇತ್ತು.

ಈ ಊರಿನ ಅಂಚಿನಲ್ಲಿ ಆಕಾಶ ತುಂಬ ಕೆಳಗಿದೆ. ಒಂದೇ ಅಚ್ಚಿನ ಮನೆಗಳು, ಆಚೆ ಗೋಡೌನುಗಳು, ಅವುಗಳಾಚೆ ಒಣಹುಲ್ಲು. ಗಾಳಿ ಬಂದರೆ ಇಡೀ ಬಯಲು ಒಂದು ಬದಿಗೆ ಹೊರಳಿ ಮಲಗುತ್ತದೆ. ನೋಡುತ್ತಾ ನಿಂತರೆ ಕಣ್ಣು ಮುಚ್ಚಿಕೊಂಡು ಬರುತ್ತದೆ.

ಬಾಗಿಲಲ್ಲೇ ಅಕ್ಕ ಪಾಪುವಿಗೆ ಕೈಚಾಚಿದಳು. ನಾನು ಕೊಡಲಿಲ್ಲ.

"ಕೊಡೇ ಮಾರಾಯ್ತಿ, ನಾನೂ ಒಂದು ಹೆತ್ತಿದೀನಿ. ಏನ್ ಪೊಲೀಸ್ ಥರ ಕಾವಲು?"

"ಅವಳಿಗೆ ಉಸಿರು ಸ್ವಲ್ಪ..."

"ಗೊತ್ತು, ಅಭಿ ಹೇಳ್ದ. ನಮ್ ಆದ್ಯಾನೂ ಹಂಗೇ ಇದ್ಲು. ನಾನು ನೋಡೇ ಇರ್ಲಿಲ್ಲ ಅಷ್ಟೆ, ನಿದ್ದೆ ಹೊಡೀತಿದ್ದೆ!"

ಅವಳ ಮಗಳು ಆದ್ಯಾಳಿಗೆ ಆರು ವರ್ಷ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ನಾನು ಹಾಡು ಹಾಕಿದ ಕೂಡಲೇ ಎದ್ದು ಕುಣಿಯತೊಡಗಿದಳು. ನಿಲ್ಲುವ ಜಾಗ ಬಂದಾಗ ಒಂದು ಕಾಲೆತ್ತಿ ಕಲ್ಲಾಗಿ ನಿಂತಳು. ಶಾಲೆಯಲ್ಲಿ ಟೀಚರ್ ಆಡಿಸುವ ಆಟವಂತೆ, ಅಲುಗಿದವರು ಔಟ್.

"ಹೆದರಿಕೆ ಆಗಲ್ವಾ ಪುಟ್ಟಿ, ಹಾಡು ವಾಪಸ್ ಬರ್ದಿದ್ರೆ ಅಂತ?"

"ಇಟ್ ಆಲ್ವೇಸ್ ಕಮ್ಸ್ ಬ್ಯಾಕ್, ಆಂಟಿ" ಎಂದಳು, ನಾನೊಬ್ಬ ಪೆದ್ದಿ ಎನ್ನುವಂತೆ. ಕಾಲು ಇನ್ನೂ ಮೇಲೇ ಇತ್ತು.


ಮಾರ್ಚ್ ೧೫, ಭಾನುವಾರ. ಟ್ರುಗನಿನಾ

ಮೊದಲೇ ಬರೆದುಬಿಡುತ್ತೇನೆ: ಇವತ್ತು ನಾನೊಂದು ತಪ್ಪು ಮಾಡಿದೆ.

ಜೋನ್ ಅವರ ಮನೆ ಬ್ರನ್ಸ್‌ವಿಕ್‌ನಲ್ಲಿ, ಟ್ರ್ಯಾಮ್ ಓಡುವ ದೊಡ್ಡ ರಸ್ತೆಯಿಂದ ಎರಡು ಹೆಜ್ಜೆ ಒಳಗೆ. ಆ ರಸ್ತೆಯ ಹೆಸರು ಸಿಡ್ನಿ ರೋಡ್. ಸಿಡ್ನಿಯಿಂದ ತಪ್ಪಿಸಿಕೊಂಡು ಬಂದರೂ ಅದೇ. ಅಭಿ ನಮ್ಮನ್ನು ಇಳಿಸಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೋದವನು ಒಂದು ಗಂಟೆ ಬರಲೇ ಇಲ್ಲ. ಜೋನ್ ಬಿಳಿಕೂದಲಿನ ಸಣ್ಣ ಹೆಂಗಸು, ಎರಡೂ ಕಿವಿಯಲ್ಲಿ ಯಂತ್ರ. ಬಾಗಿಲು ತೆರೆದವರೇ ಮಗುವನ್ನಲ್ಲ, ನನ್ನನ್ನು ನೋಡಿದರು. "ಕೂತುಕೋ, ಬೀಳುವ ಮೊದಲು" ಎಂದರು.

ರೆಕಾರ್ಡರ್ ಮೇಜಿನ ಮೇಲಿಟ್ಟು ಆನ್ ಮಾಡಿದೆ. ಅವರು ಹೇಳಿದ್ದನ್ನು ಕನ್ನಡದಲ್ಲಿ ನೆನಪಿಟ್ಟುಕೊಂಡಷ್ಟು ಬರೆಯುತ್ತೇನೆ.

ಸ್ಟುಡಿಯೊ ಎಂದರೆ ಚರ್ಚಿನ ಹಿಂದಿನ ಒಂದು ಸಭಾಂಗಣ. ಹತ್ತು ನಿಮಿಷಕ್ಕೊಂದು ಟ್ರ್ಯಾಮ್. ಅದು ಹೋಗುವಾಗ ನೆಲ ಅದುರಿ ಮೈಕುಗಳೆಲ್ಲ ಗುಂಯ್ ಎನ್ನುತ್ತಿದ್ದವು. ಟೇಪು ನಿಲ್ಲಿಸಿ ಮತ್ತೆ ಶುರು ಮಾಡಿದರೆ ವೇಗ ಹೊಂದುತ್ತಿರಲಿಲ್ಲ. ಹಾಗಾಗಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಟ್ರ್ಯಾಮ್ ಬಂದ ಕೂಡಲೇ ಡೆನ್ನಿ ಅಂಗೈ ಎತ್ತುತ್ತಿದ್ದ. ಐವರೂ ಇದ್ದಲ್ಲೇ ನಿಲ್ಲುತ್ತಿದ್ದರು, ಟೇಪು ಓಡುತ್ತಿತ್ತು. ಟ್ರ್ಯಾಮ್ ದಾಟಿದ ಮೇಲೆ ಡೆನ್ನಿ ಒಂದು ಉಸಿರು ಎಳೆದುಕೊಳ್ಳುತ್ತಿದ್ದ. ಅದೇ ಸನ್ನೆ, ಎಲ್ಲರೂ ಒಟ್ಟಿಗೆ ಹಾಡಿನೊಳಗೆ. ಸಂಜೆ ಜೋನ್ ಬ್ಲೇಡಿನಿಂದ ಆ ಟ್ರ್ಯಾಮ್ ತುಂಡುಗಳನ್ನು ಕತ್ತರಿಸಿ ಟೇಪು ಅಂಟಿಸಬೇಕು.

"ಹಾಗಾದರೆ ಇದನ್ನು ಕತ್ತರಿಸಲು ಮರೆತಿರಾ?"

"ಮರೆತೆ ಅಂತಲೇ ಆವತ್ತು ಹೇಳಿದೆ. ಕೆಲಸ ಹೋಗಬಾರದಲ್ಲ" ಎಂದು ನಕ್ಕರು. "ಹಳದಿ ಪೆನ್ಸಿಲ್ಲಿನಲ್ಲಿ ಎರಡೂ ಕಡೆ ಗುರುತು ಹಾಕಿದ್ದೆ. ಬ್ಲೇಡು ಕೈಯಲ್ಲಿತ್ತು. ಕತ್ತರಿಸುವ ಮೊದಲು ಒಂದು ಸಲ ಕೇಳೋಣ ಅಂತ ಕೇಳಿದೆ. ಐದು ಜನ ಗಂಡಸರು, ದಿನವಿಡೀ ಜಗಳ ಆಡಿದವರು, ಒಟ್ಟಿಗೆ ಸುಮ್ಮನೆ ಕಾಯ್ತಾ ಇದ್ದಾರೆ. ಅದನ್ನ ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಮನೆಗೆ ಹೋಗಿಬಿಟ್ಟೆ."

ಕಂಪನಿಯ ಮೇಲಿನವರು ಕೇಳಿಸಿಕೊಳ್ಳುವಷ್ಟರಲ್ಲಿ ಸಾವಿರ ರೆಕಾರ್ಡ್ ಅಚ್ಚಾಗಿತ್ತಂತೆ.

ಈಗ ಎಲ್ಲರೂ ಕೇಳುವುದು ಆಮೇಲೆ ಕಂಪನಿಯವರು ತೊಳೆದು ಕೊಟ್ಟದ್ದು. ಟ್ರ್ಯಾಮ್ ಗದ್ದಲವೆಂದು ತೆಗೆದರು, ಡೆನ್ನಿಯ ಉಸಿರನ್ನೂ ತೆಗೆದರು. "ಅದು ಮೌನವಲ್ಲ, ತೂತು" ಎಂದರು ಜೋನ್. ಎಂಟು ವರ್ಷದ ಹಿಂದೆ ಡೆನ್ನಿಯ ಅಂತ್ಯಕ್ರಿಯೆಯಲ್ಲೂ ತೊಳೆದದ್ದನ್ನೇ ಹಾಕಿದ್ದರಂತೆ. ಹಾಡು ಮುಗಿಯಿತೆಂದು ಪಾದ್ರಿ ಪ್ರಾರ್ಥನೆ ಶುರು ಮಾಡಿದ. ಮೂರನೇ ಮಾತಿಗೆ ಗಿಟಾರು ಅವನ ಮೇಲೆ ಬಿತ್ತು. ಇಡೀ ಚರ್ಚು ನಕ್ಕಿತು, ಡೆನ್ನಿಯ ಹೆಂಡತಿಯೂ.

ಆಮೇಲೆ ಹಳೆಯ ರೆಕಾರ್ಡನ್ನೇ ಹಾಕಿ ಕೇಳಿಸುತ್ತೇನೆಂದರು. ಸೂಜಿ ಇಡುವ ಮೊದಲು ತಿರುಗಿ, "ಅವಳನ್ನು ಇಲ್ಲಿ ಕೊಡು, ನಿನ್ನ ಕಣ್ಣು ಮುಚ್ಚಿಕೊಳ್ಳುತ್ತಿದೆ" ಎಂದರು. ಕೇಳಿದ್ದಲ್ಲ, ಹೇಳಿದ್ದು. ಕೊಟ್ಟೆ. ಯಾಕೆ ಕೊಟ್ಟೆನೋ. ಬಾಣಲೆ ನೆನಪಾಯಿತು ಅನ್ನಿಸುತ್ತದೆ.

ಹಾಡು ನಿಂತಿತು. ದೂರದಲ್ಲೆಲ್ಲೋ ಕಬ್ಬಿಣ ಹೊರಳಿದ ಸದ್ದು ಹತ್ತಿರ ಬಂತು. ಅರವತ್ತು ವರ್ಷದ ಹಿಂದಿನ ಟ್ರ್ಯಾಮ್, ಒಳಗೆ ದೀಪ ಹಚ್ಚಿಕೊಂಡು, ಯಾರು ಯಾರನ್ನೋ ಕೂರಿಸಿಕೊಂಡು ಹೋಗುತ್ತಿತ್ತು. ಯಾರದೋ ಬೂಟು ನೆಲದ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ನಾನೂ ಹತ್ತಿದೆ.

ಡೆನ್ನಿಯ ಉಸಿರು ನನಗೆ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಮೈಮೇಲೆ ಹೆಣೆದ ಹೊದಿಕೆ, ಎದುರಿಗೆ ತಣ್ಣಗಾದ ಚಹಾ. ಜೋನ್ ಕುರ್ಚಿಯಲ್ಲಿ, ಪಾಪು ಅವರ ಮಡಿಲಲ್ಲಿ, ಅಭಿ ಬಾಗಿಲಲ್ಲಿ. ಐವತ್ತು ನಿಮಿಷ! ಕಿವಿ ಕೇಳಿಸದ ಎಂಬತ್ತು ವರ್ಷದ ಮುದುಕಿಯ ಕೈಗೆ ಮಗುವನ್ನು ಕೊಟ್ಟು ಐವತ್ತು ನಿಮಿಷ ನಿದ್ದೆ ಮಾಡಿದೆ. ದಾರಿಯುದ್ದಕ್ಕೂ ಅತ್ತೆ.

"ನ್ಯಾಪಿ ಕೂಡ ಚೇಂಜ್ ಮಾಡಿದಾರೆ" ಎಂದ ಅಭಿ, ಸಮಾಧಾನಕ್ಕೆ.


ಮಾರ್ಚ್ ೧೯, ಗುರುವಾರ. ಯುಗಾದಿ. ಹ್ಯಾರಿಸ್ ಪಾರ್ಕ್

ಅತಿ ಉದ್ದ: ಏಳು.

ಬೇವಿನೆಲೆ ಅಂಗಡಿಯಲ್ಲಿ ಸಿಕ್ಕಿತು, ಫ್ರಿಜ್‌ನಿಂದ ತೆಗೆದದ್ದು, ಕಹಿಯೂ ತಣ್ಣಗಿತ್ತು. ಒಬ್ಬಟ್ಟು ಮಾಡಲಿಲ್ಲ. ಮಾಡಿದ್ದು ಕಾರ್ಯಕ್ರಮ.

ಎರಡು ಗಂಟೆಯ ರೆಕಾರ್ಡಿಂಗನ್ನು ಇಪ್ಪತ್ತು ನಿಮಿಷಕ್ಕೆ ತರಬೇಕು. ಬೇಗ ಆಗಲೆಂದು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಖಾಲಿ ಜಾಗಗಳನ್ನೆಲ್ಲ ಒಟ್ಟಿಗೆ ಕಿತ್ತುಹಾಕುವ ಬಟನ್ ಒತ್ತಿದೆ. ಅರ್ಧ ಸೆಕೆಂಡಿಗಿಂತ ಹೆಚ್ಚು ಸದ್ದಿಲ್ಲದ ಕಡೆಯೆಲ್ಲ ಹೋಯಿತು. ನನ್ನ ಕನ್ನಡ ನಿರೂಪಣೆ ಸೇರಿಸಿ ಅಂಕಲ್‌ಗೆ ಕಳಿಸಿದೆ. ಅರ್ಧ ಗಂಟೆಗೆ ಫೋನ್.

"ಹಬ್ಬದ ದಿನ ಹೇಳಬಾರ್ದು. ಆದ್ರೂ ಕೇಳ್ತೀನಿ. ಆ ಅಜ್ಜಿ ಉಸಿರೇ ಬಿಡಲ್ವೇನಮ್ಮ?"

"ಅಂದ್ರೆ?"

"ಮಾತಾಡ್ತಾರೆ, ಮಾತಾಡ್ತಾರೆ, ಮಾತಾಡ್ತಾನೇ ಇರ್ತಾರೆ. ಕೇಳ್ತಾ ಕೇಳ್ತಾ ನಂಗೆ ಎದೆ ಹಿಡ್ಕೊಳ್ತು. ಆಮೇಲೆ ಹಾಡಲ್ಲಿ ಆ ಗ್ಯಾಪೇ ಇಲ್ವಲ್ಲ? ಅದರ ಮೇಲೇ ತಾನೇ ಪ್ರೋಗ್ರಾಮು?"

ಹಾಡಿನ ಒಂಬತ್ತು ಸೆಕೆಂಡನ್ನೂ ಆ ಬಟನ್ ನುಂಗಿತ್ತು. ಕಂಪನಿಯವರು ತೊಳೆದ ಹಾಡು ಅದು, ಅಲ್ಲಿ ಸದ್ದೇ ಇರಲಿಲ್ಲವಲ್ಲ.

"ಸ್ಟೇಷನ್ ಕಂಪ್ಯೂಟರ್‌ಗೆ ಹೆದರಿ ತೆಗೆದ್ಯಾ?"

"ಇಲ್ಲ ಅಂಕಲ್, ಕೈ ತಪ್ಪಿ."

"ವಾಪಸ್ ಹಾಕ್ಬಿಡು. ಬಂದ್ರೆ ಕುದುರೆ ಸವಾರರು ಬರ್ಲಿ, ನೋಡ್ಕೊಳಣ. ಬೇವು ಬೆಲ್ಲ ತಿಂದ್ಯಾ?"


ಮಾರ್ಚ್ ೨೪, ಮಂಗಳವಾರ

ಐದು ದಿನದಿಂದ ಉಸಿರು ಹೊಲಿಯುತ್ತಿದ್ದೇನೆ. ಬೇರೆ ಹೆಸರಿಲ್ಲ ಈ ಕೆಲಸಕ್ಕೆ. ಮೂಲ ರೆಕಾರ್ಡಿಂಗ್ ತೆರೆದು, ಜೋನ್ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಚಹಾ ಗುಟುಕರಿಸುತ್ತಾರೆ, ಎಲ್ಲಿ ಏನೋ ಹೇಳಹೊರಟು ಬಿಡುತ್ತಾರೆ, ಒಂದೊಂದನ್ನೂ ಹುಡುಕಿ ಇದ್ದಲ್ಲೇ ಇಡಬೇಕು. ಡೆನ್ನಿಯ ಹೆಸರು ಬಂದಾಗಲೆಲ್ಲ ಎರಡು ಸೆಕೆಂಡು ತಡವಾಗುತ್ತದೆ. ಮುಂದಿನ ಮಾತಿನ ತೂಕ ಅಷ್ಟೂ ಆ ಎರಡು ಸೆಕೆಂಡಿನಲ್ಲಿರುತ್ತದೆ. ತೆಗೆದರೆ ಅವರೊಬ್ಬ ಸುದ್ದಿ ಓದುವವರು.

ಹಾಡಿಗೂ ತೊಳೆದದ್ದು ಬೇಡ. ಜೋನ್ ಮನೆಯಲ್ಲಿ ಸೂಜಿ ಇಟ್ಟಾಗ ಮೇಜಿನ ಮೇಲಿನ ರೆಕಾರ್ಡರ್ ಹಿಡಿದದ್ದನ್ನೇ ಹಾಕುತ್ತೇನೆ ಎಂದುಕೊಂಡೆ. ಆ ಜಾಗಕ್ಕೆ ಹೋಗಿ ಕೇಳಿದೆ. ಟ್ರ್ಯಾಮ್ ಬಂತು, ಹೋಯಿತು, ಡೆನ್ನಿಯ ಉಸಿರು ಬಂತು. ಚೂಪಾದ, ಸಣ್ಣ ಉಸಿರು, ನೀರಿನಿಂದ ತಲೆ ಎತ್ತಿದವರದು. ಹಾಡು ಮುಗಿಯಿತು. ರೆಕಾರ್ಡರ್ ಮುಗಿಯಲಿಲ್ಲ. ಅದನ್ನು ಆಫ್ ಮಾಡಬೇಕಾದವಳು ಮಲಗಿದ್ದಳಲ್ಲ.

ಐವತ್ತು ನಿಮಿಷ ಅದರಲ್ಲಿದೆ. ಸೂಜಿ ತಟ್ಟೆಯ ಕೊನೆಯಲ್ಲಿ ಟಕ್ ಟಕ್ ಎನ್ನುತ್ತದೆ, ಜೋನ್ ಎತ್ತುತ್ತಾರೆ. ಇಂಚರ ಒಮ್ಮೆ ಕುಂಯ್ ಎನ್ನುತ್ತಾಳೆ. "ಷ್, ಅಮ್ಮನ ಟ್ರ್ಯಾಮ್ ದಾಟಲಿ" ಎಂದು ಜೋನ್ ಇಂಗ್ಲಿಷಿನಲ್ಲಿ ಅವಳಿಗೆ ಹೇಳುತ್ತಾರೆ. ಬಾಗಿಲ ಸದ್ದು, ಅಭಿಯ ಪಿಸುಮಾತು: "ಶೀ ಈಸ್ ಸ್ಲೀಪಿಂಗ್?" ಅವನ ದನಿ ಇಷ್ಟು ಸಣ್ಣದಾದದ್ದು ನಾನು ಕೇಳಿಯೇ ಇಲ್ಲ.

ಎಲ್ಲಕ್ಕಿಂತ ಹತ್ತಿರದಲ್ಲಿ, ಮೈಕಿನ ಬಾಯಲ್ಲೇ, ಇನ್ನೊಂದು ಉಸಿರು. ಉದ್ದಕ್ಕೆ, ಭಾರವಾಗಿ, ಸ್ವಲ್ಪ ಗೊರಕೆ. ನನ್ನದು. ಅಭ್ಯಾಸಬಲದಿಂದ ಎಣಿಸತೊಡಗಿದೆ. ಒಂದು ಕಡೆ ನಿಂತಿತು. ಪರದೆಯ ಮೇಲೆ ಗೆರೆ ನೇರ. ಏಳು, ಎಂಟು, ಒಂಬತ್ತು, ಹತ್ತು. ಹನ್ನೊಂದು ಸೆಕೆಂಡು. ನಾನು ಹೆಡ್‌ಫೋನ್ ಒತ್ತಿ ಹಿಡಿದು ನನಗಾಗಿಯೇ ಕಾಯುತ್ತಿದ್ದೆ.

ಬಂತು. ಒಂದು ನಿಟ್ಟುಸಿರಿನೊಂದಿಗೆ. ಆವತ್ತು ಆ ಕೋಣೆಯಲ್ಲಿ ಯಾರೂ ಅದನ್ನು ಎಣಿಸಿರಲಿಲ್ಲ.

ಪಾಪು ಎದ್ದು ಅತ್ತಾಗ ಹೊರಗೆ ಜಿಲೇಬಿಯ ವಾಸನೆ, ಸಂಜೆ.


ಮಾರ್ಚ್ ೩೦, ಸೋಮವಾರ

ಅಮ್ಮ ಮೈಸೂರಿನಿಂದ ವಿಡಿಯೊ ಕಾಲ್ ಮಾಡಿದ್ದಳು. ಬಾಣಂತನಕ್ಕೆ ಬಂದವಳು ಅಪ್ಪನ ಕಣ್ಣಿನ ಆಪರೇಷನ್ ಎಂದು ಬೇಗ ಹೋಗಬೇಕಾಗಿ ಬಂತೆಂದು ಅವಳಿಗೆ ಇನ್ನೂ ಕೊರಗು.

"ಮಲಗಿರೋ ಮಗೂನ ದಿಟ್ಟಿಸಬೇಡ್ವೇ ಅಂತ ಅಲ್ಲಿದ್ದಾಗ್ಲೇ ಬಡ್ಕೊಂಡೆ. ಊರವರ ದೃಷ್ಟಿಗಿಂತ ಹೆತ್ತೋಳ ದೃಷ್ಟಿನೇ ಜಾಸ್ತಿ."

"ಗೊತ್ತಮ್ಮ. ನೋಡ್ತಿಲ್ಲ. ಕೆಲಸ ಇದೆ."

"ಏನ್ ಕೆಲಸ?"

"ಹಾಡಿಂದು."

"ಹಾಡಿಗೇನೇ ಕೆಲಸ, ಹಾಡ್ಕೊಂಡ್ರೆ ಆಯ್ತು" ಎಂದಳು. ಅವಳಿಗೆ ಬೇಕಾದದ್ದು ಸಿಕ್ಕಿತು ಅನ್ನಿಸುತ್ತದೆ, ಮತ್ತೆ ದೃಷ್ಟಿಯ ಮಾತೆತ್ತಲಿಲ್ಲ.

ಬಾಗಿಲಿಗೆ ಕಟ್ಟಿದ್ದ ದುಪಟ್ಟಾದ ಮೇಲೆ ಪಾಪು ವಾಂತಿ ಮಾಡಿದಳು. ಬಿಚ್ಚಿ ಒಗೆಯಲು ಹಾಕಿದೆ.


ಏಪ್ರಿಲ್ ೩, ಶುಕ್ರವಾರ

ಕಳಿಸಿದೆ. ಹತ್ತೊಂಬತ್ತು ನಿಮಿಷ ಐವತ್ತು ಸೆಕೆಂಡು. ಅಂಕಲ್ ಉತ್ತರ: "ಅಜ್ಜಿ ಬದುಕಿದರು."

ಏಳರಿಂದ ಐದು ದಿನ ಆ ನರ್ಸುಗಳ ಕಡೆ, ಚೀಲ ತುಂಬಬೇಕು. ಪಟ್ಟಿಯಲ್ಲಿ ಚಪ್ಪಲಿ ಎಂದಿದೆ. ನನ್ನವು ಎಲ್ಲಿವೆ?


ಏಪ್ರಿಲ್ ೫, ಭಾನುವಾರ

ಪ್ರೋಗ್ರಾಮ್ ಆಯಿತಂತೆ. "ಅಂತೆ" ಎಂದು ಬರೆಯಬೇಕಾಗಿದೆ, ಅದೇ ಸಿಟ್ಟು.

ಎರಡು ತಿಂಗಳು ಒದ್ದಾಡಿ ಮಾಡಿದ್ದು. ಹನ್ನೊಂದು ಗಂಟೆಗೆ ಪ್ರಸಾರ. ಹತ್ತೂವರೆಗೆ ಪಾಪುವಿಗೆ ಹಾಲು ಕುಡಿಸಿ ಕೋಣೆಯಲ್ಲಿ ಮಲಗಿಸಿದೆ. ಸೋಫಾದ ಮೇಲೆ ಬೆನ್ನು ನೀಡಿದೆ, ಅಭಿ ರೇಡಿಯೊ ಹಾಕಿದ. ಅಂಕಲ್ ನಮಸ್ಕಾರ ಹೇಳಿದರು. ನನ್ನ ಹೆಸರು ಹೇಳಿದರು. ಅಷ್ಟೇ ನನಗೆ ಗೊತ್ತಿರುವುದು.

ಎದ್ದಾಗ ಬಿಸಿಲು ಸೋಫಾದಿಂದ ಇಳಿದು ಎದುರು ಗೋಡೆಗೆ ಹೋಗಿತ್ತು.

"ಎಬ್ಬಿಸೋಕೇನಾಗಿತ್ತು ನಿಂಗೆ?"

"ಎಬ್ಬಿಸೋಣ ಅಂತ ಬಂದೆ. ಬಾಯಿ ಬಿಟ್ಕೊಂಡು ಮಲಗಿದ್ದೆ. ಧೈರ್ಯ ಬರ್ಲಿಲ್ಲ."

"ಗ್ಯಾಪ್ ಬಂತಾ? ಸ್ಟೇಷನ್ ಕಂಪ್ಯೂಟರ್ ಬೇರೆ ಹಾಡು ಹಾಕ್ತಾ?"

"ಇಲ್ಲ. ಟ್ರ್ಯಾಮ್ ಕೇಳಿಸ್ತು. ನಾನೂ ಉಸಿರು ಹಿಡ್ಕೊಂಡಿದ್ದೆ ಕಣೇ. ಅಂಕಲ್ ಆಮೇಲೆ ಫೋನ್ ಮಾಡಿ ಅತ್ಬಿಟ್ರು. ಜೋನ್‌ದೂ ಮೆಸೇಜ್ ಬಂದಿದೆ. ಅವರಿಗೆ ಕನ್ನಡ ಒಂದಕ್ಷರ ಅರ್ಥ ಆಗ್ಲಿಲ್ವಂತೆ, ಆದ್ರೆ ಎಲ್ಲೂ ಕತ್ತರಿಸಿಲ್ಲ ಅಂತ ಗೊತ್ತಾಯ್ತಂತೆ."

"ಪಾಪು?"

"ಒಂದ್ಸಲ ಎದ್ಲು. ಬಾಟಲಲ್ಲಿ ಇಟ್ಟಿದ್ದ ಹಾಲು ಕುಡಿಸ್ದೆ, ಮತ್ತೆ ಮಲಗಿದ್ಲು."

ಎಷ್ಟು ಹೊತ್ತು ಮಲಗಿದೆ ಎಂಬುದೇ ಒಂದು ಜಗಳವಾಯಿತು. ಇವತ್ತು ಬೆಳಗಿನ ಜಾವ ಇಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ಅಡುಗೆಮನೆಯ ಗಡಿಯಾರ ನಾಲ್ಕು ಎನ್ನುತ್ತದೆ, ಫೋನು ಮೂರು ಎನ್ನುತ್ತದೆ. ಫೋನೇ ಸರಿ ಎಂದ ಅಭಿ. ಹನ್ನೊಂದರಿಂದ ಮೂರು, ಒಟ್ಟಿಗೆ ನಾಲ್ಕು ಗಂಟೆ. ಬೆರಳು ಮಡಿಚಿ ಎರಡು ಸಲ ಎಣಿಸಿದ. ನರ್ಸ್‌ಗೆ ತಾನೇ ಫೋನ್ ಮಾಡುತ್ತಾನಂತೆ. ಮಾಡಿಕೊಳ್ಳಲಿ. ನನ್ನ ಪ್ರೋಗ್ರಾಮ್ ತಪ್ಪಿದ್ದಕ್ಕೆ ಅವನ ಮುಖದಲ್ಲಿ ಅಷ್ಟು ನಗು ಯಾಕೋ.

ತುಂಬ ಹಸಿವು. ಚಿತ್ರಾನ್ನ ಮಾಡಿದ್ದಾನೆ, ಒಗ್ಗರಣೆ ಸೀದಿಲ್ಲ. ಪುಸ್ತಕವನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಎಡಗೈಯಲ್ಲಿ ತಟ್ಟೆ ಹಿಡಿದು ಬರೆಯುತ್ತಿದ್ದೇನೆ. ರೈಲು ಬಂತು, ಕಿಟಕಿ ಗಾಜು ಅದುರಿತು, ಹೋಯಿತು. ಪಾಪು ಒಳಗೆ ಮಲಗಿದ್ದಾಳೆ. ಕೋಣೆಯ ಬಾಗಿಲು ಮುಚ್ಚಿದೆ. ಯಾರು ಮುಚ್ಚಿದರು ಎಂದು ಅಭಿಯನ್ನು ಕೇಳಿದೆ. ತಾನಲ್ಲ ಎಂದ.

ಹಾಗಾದರೆ ನಾನೇ ಇರಬೇಕು. ಇನ್ನೊಂದು ಸೌಟು ಬಡಿಸಿಕೊಳ್ಳುತ್ತೇನೆ.